ಶುಕ್ರವಾರದ ಪಟ್ಟಿ

ಲೇನ್ ತಲೆಕೆಳಗಾಗಿ ಮಂಡಿಯೂರಿ ಕೂತಿದ್ದಾನೆ, ಅವನ ಕೆಳಗೆ ಬೂದು ಆಕಾಶ, ಮೇಲೆ ಹುಲ್ಲು, ಬಾಯಿಂದ ಹೊರಟ ಹಬೆ ಕೆಳಕ್ಕೆ ಇಳಿಯುತ್ತಿದೆ, ನನ್ನೆರಡು ಮೊಣಕಾಲುಗಳ ನಡುವೆ ಕಾಣುವ ಲೋಕ ಹೀಗೇ, ಹನ್ನೊಂದು ವರ್ಷದಿಂದ ನಾನು ಅನ್ನ ಸಂಪಾದಿಸುವುದು ಈ ಲೋಕದಲ್ಲೇ, ಎಲ್ಲರೂ ಚೆಂಡನ್ನು ಮುಂದಕ್ಕೆ ಒಯ್ಯಲು ಮೂಳೆ ಮುರಿದುಕೊಳ್ಳುವ ಈ ಅಮೆರಿಕನ್ ಫುಟ್ಬಾಲ್ ಆಟದಲ್ಲಿ ನನ್ನದೊಬ್ಬನದು ಹಿಂದಕ್ಕೆ ಎಸೆಯುವ ಕೆಲಸ, ಬಗ್ಗಿ ನಿಂತು, ಕಾಲುಗಳ ಸಂದಿಯಿಂದ, ಎಂಟು ಗಜ ಹಿಂದೆ ಕೂತ ಲೇನ್ ಕೈಗೆ, ಅವನು ಹಿಡಿದು ನೆಲಕ್ಕೆ ಊರಬೇಕು, ಒದೆಯುವವನು ಓಡಿಬಂದು ಎದುರಿನ ಎರಡು ಕಂಬಗಳ ನಡುವೆ ಹೋಗುವಂತೆ ಒದೆಯಬೇಕು, ಎಲ್ಲ ಸೇರಿ ಒಂದು ಸೆಕೆಂಡು, ಮೇಲೆ ಚೂರು — ಎಸೆ — ಎಸೆದೆ. ಹೋಯಿತು, ಲೇನ್ ಹಿಡಿದ, ಊರಿದ, ಒದೆತದ ಸದ್ದು, ಹಳದಿ ಕಂಬಗಳ ಆಚೆ ಎಲ್ಲೋ ಬಿತ್ತು, ಎಲ್ಲ ಸರಿಯಾಗಿಯೇ ಇದೆ, ಸರಿಯಾಗಿಯೇ ಇದೆ ತಾನೆ, ಮೂರು ವಾರದಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ, ಬಲಗೈಯ ಕೊನೆಯ ಎರಡು ಬೆರಳು, ಉಂಗುರದ ಬೆರಳೂ ಕಿರುಬೆರಳೂ, ಚೆಂಡಿನ ಬಿಳಿ ಹೊಲಿಗೆದಾರದ ಮೇಲೆ ಕೂತಿವೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕು, ಮುಟ್ಟಿದರೆ ಬೇರೆ ಯಾರದೋ ಬೆರಳು ಮುಟ್ಟಿದ ಹಾಗೆ, ಆದರೂ ಚೆಂಡು ಹೋಗುತ್ತಿದೆ, ಲೇನ್ ಕೈ ಸೇರುತ್ತಿದೆ, ಸೇರಿದಾಗ ಆ ದಾರ ಒದೆಯುವವನ ಕಾಲಿಗೆ ಬೆನ್ನು ಮಾಡಿ ಕಂಬಗಳ ಕಡೆ ನೋಡುತ್ತಿರಬೇಕು, ನನ್ನ ಕಸುಬಿನ ಗುಟ್ಟೇ ಅದು, ಗಾಳಿಯಲ್ಲಿ ಸರಿಯಾಗಿ ಮೂರು ಸುತ್ತು, ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ, ದಾರಕ್ಕೆ ಕಾಲು ತಗುಲಿತೋ ಚೆಂಡು ಕುಡುಕನ ಹಾಗೆ ಎತ್ತಲೋ ಹೋಗುತ್ತದೆ, ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಎಸೆತ, ದಾರ ತಪ್ಪಿದ್ದಿಲ್ಲ, ಈ ಮೂರು ವಾರವೂ ತಪ್ಪಿಲ್ಲ, ಬೆರಳು ಸತ್ತರೇನು, ಕೈಗೆ ದಾರಿ ಗೊತ್ತಿದೆ, ಇನ್ನೊಂದು, ಎಸೆ, ಎಸೆದೆ.

ಅಂಗಳದ ಗೆರೆಯಾಚೆ ಮಿಸ್ ಯೋಲಾಂಡಾ ನಿಂತಿದ್ದಾರೆ, ಕಿವಿ ಮುಚ್ಚುವ ಉಣ್ಣೆಟೋಪಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ತಂಡದಲ್ಲಿ ಗಾಯಗೊಂಡವರ ಆರೈಕೆ, ಎಣಿಕೆ ಎರಡೂ ಅವರದು, ಯಾರು ಎಷ್ಟು ಸಲ ಓಡಿದರು, ಯಾರು ಎಷ್ಟು ಸಲ ಬರೀ ನಿಂತು ನೋಡಿದರು, ಬುಧವಾರ ಎಣಿಸುತ್ತಾರೆ, ಗುರುವಾರ ಎಣಿಸುತ್ತಾರೆ, ಶುಕ್ರವಾರ ಎಣಿಸಿ ಸಂಜೆ ನಾಲ್ಕಕ್ಕೆ ಮುಂಚೆ ಲೀಗಿನವರಿಗೆ ಪಟ್ಟಿ ಕಳಿಸುತ್ತಾರೆ, ಹೆಸರು, ನೋವು ಯಾವ ಅಂಗಕ್ಕೆ, ಅಭ್ಯಾಸ ಪೂರ್ತಿ ಮಾಡಿದನೋ ಅರೆಬರೆ ಮಾಡಿದನೋ ಮಾಡಲೇ ಇಲ್ಲವೋ, ಭಾನುವಾರ ಆಡುತ್ತಾನೋ ಇಲ್ಲವೋ. ಆ ಕೊನೆಯ ಮನೆಯಲ್ಲಿ ಬರೆಯಲು ಇರುವುದು ಮೂರೇ ಮಾತು, ಅನುಮಾನ, ಬಹುಪಾಲು ಇಲ್ಲ, ಔಟ್. ಏನೂ ಬರೆಯದಿದ್ದರೆ ಆಡುತ್ತಾನೆ ಎಂದರ್ಥ. ಹಿಂದೆ ನಾಲ್ಕನೆಯದೊಂದಿತ್ತು, ಬಹುಶಃ ಆಡುತ್ತಾನೆ ಅಂತ, ಹಾಗೆ ಬರೆಸಿಕೊಂಡವರೆಲ್ಲ ಆಡಿಯೇ ಆಡುತ್ತಿದ್ದರು, ಬರೆದೂ ಪ್ರಯೋಜನವಿಲ್ಲ ಎಂದು ತೆಗೆದುಹಾಕಿದರು, ನಮ್ಮ ಅಮ್ಮನಿಗೆ ಮಾತ್ರ ಅದರದೇ ಕೊರಗು, ಎಷ್ಟು ಒಳ್ಳೇ ಮಾತಿತ್ತು ಕಣೋ ಅದು, ತಾಯಂದಿರಿಗೆ ಅಂತಲೇ ಮಾಡಿಟ್ಟ ಹಾಗಿತ್ತು, ಅನ್ನುತ್ತಾಳೆ. ಅಮ್ಮ ಈ ಪಟ್ಟಿಯನ್ನು ನೆಬ್ರಾಸ್ಕಾದ ಅಡುಗೆಮನೆಯಲ್ಲಿ ಕೂತು ಪ್ರತಿ ಶುಕ್ರವಾರ ಓದುತ್ತಾಳೆ, ಎರಡೂ ತಂಡದ್ದು, ಒಂದೊಂದು ಹೆಸರಿಗೂ ಜಪಮಾಲೆಯ ಒಂದೊಂದು ಮಣಿ, ಎದುರಾಳಿಗೂ ಒಂದು ಮಣಿ, ಅವರಿಗೂ ತಾಯಿ ಇರ್ತಾಳಲ್ಲ ಎನ್ನುತ್ತಾಳೆ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಬಡಿಸಿದವಳು, ಯಾರ ತಟ್ಟೆಯೂ ಖಾಲಿ ಹೋಗಬಾರದು. ಆ ಪದಗಳಿಗೆ ಅವಳದೇ ಅರ್ಥ, ಅನುಮಾನ ಅಂದ್ರೆ ಆಡ್ತಾನೆ, ಬಹುಪಾಲು ಇಲ್ಲ ಅಂದ್ರೆ ಇಲ್ಲವೇ ಇಲ್ಲ, ಔಟ್ ಅಂದ್ರೆ ಅವರಮ್ಮ ಆಗಲೇ ಪೆಟ್ಟಿಗೆ ಕಟ್ಟಿ ಮಗನ ಹತ್ತಿರ ಹೊರಟಿರ್ತಾಳೆ, ಮೂವತ್ತು ಜನ ಪತ್ರಕರ್ತರು ಪುಟಗಟ್ಟಲೆ ಬರೆಯುವುದು ಇಷ್ಟನ್ನೇ. ಹನ್ನೊಂದು ವರ್ಷ, ಒಂದು ವಾರವೂ ನನ್ನ ಹೆಸರು ಆ ಪಟ್ಟಿಯಲ್ಲಿ ಬಂದಿಲ್ಲ, ನಿನ್ನ ಹೆಸರಿಗೆ ಒಂದು ಮಣೀನೂ ಸವೆದಿಲ್ಲ ನೋಡು ವೇಡ್, ಎಂದು ಅವಳು ಹೆಮ್ಮೆಪಡುತ್ತಾಳೆ, ಕುಚೇರಾ ಮನೆತನದ ಮೂಳೆ ಅಂತೆ, ಅಪ್ಪನ ಕಡೆಯಿಂದ ಬಂದದ್ದಂತೆ.

ಇನ್ನು ನಾಲ್ಕು ಎಸೆತ, ಇವತ್ತಿಗೆ ಮುಗಿಯಿತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿದೆ, ಡಿಸೆಂಬರಿನಲ್ಲಿ ಟೊಲೀಡೊದ ಗಾಳಿಗೆ ಎಲ್ಲರ ಬೆರಳೂ ಮರಗಟ್ಟುತ್ತವೆ, ಇದೇ ನನ್ನ ಪುಣ್ಯ, ಬಿಸಿಚೀಲ ಹಿಡಿದು ಕೈ ಉಜ್ಜಿಕೊಳ್ಳುವವರ ನಡುವೆ ಉಜ್ಜಿಕೊಳ್ಳುವ ಇನ್ನೊಬ್ಬ, ಯಾರಿಗೆ ಗೊತ್ತಾಗಬೇಕು. ನವೆಂಬರಿನ ಆ ಪಂದ್ಯ, ಚೆಂಡು ಎಸೆದು ತಲೆ ಎತ್ತುವುದಕ್ಕೂ ಮುಂಚೆ ಎದುರಿನ ದಡಿಯ ತನ್ನ ಮೊಳಕೈಯ ಭಾರವನ್ನೆಲ್ಲ ನನ್ನ ಕು— ನನ್ನ ಮೇಲೆ ಹಾಕಿದ, ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಹರಿದ ಹಾಗಾಯಿತು, ಎಲ್ಲರಿಗೂ ಆಗುತ್ತದೆ ಅದು, ಒಂದು ನಿಮಿಷ ಉರಿದು ಆರುತ್ತದೆ, ಆ ಸಲ ಉರಿ ಆರಿತು, ಜೊತೆಗೆ ಬೆರಳೂ ಆರಿತು. ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆ, ಆಮೇಲೆ ನಾಲ್ಕು ದಿನದಲ್ಲಿ, ಆಮೇಲೆ ದಿನ ಎಣಿಸುವುದನ್ನು ಬಿಟ್ಟೆ. ರಾತ್ರಿ ಎಡಕ್ಕೆ ಹೊರಳಿದರೆ ಮಿಂಚು, ಬಗ್ಗಿ ಕಾಲಸಂದಿಯಲ್ಲಿ ನೋಡಿದರೆ ಮಿಂಚು, ಮೊನ್ನೆ ಮಗಳ ಕೋಟಿಗೆ ಗುಂಡಿ ಹಾಕುವಾಗ ಬೆರಳಿಗೆ ಗುಂಡಿ ಸಿಕ್ಕಿತೋ ಬಟ್ಟೆ ಸಿಕ್ಕಿತೋ ತಿಳಿಯದೆ ನಿಂತುಬಿಟ್ಟೆ, ಅಪ್ಪಾ ಬಸ್ಸು ಹೋಗುತ್ತೆ ಅಂದಳು ಪೆಟ್ರಾ, ತಾನೇ ಹಾಕಿಕೊಂಡಳು, ಅವಳಿಗೆ ಆರು ವರ್ಷ, ನನಗೆ ಮೂವತ್ತಾರು. ಬುಧವಾರದ ಸಭೆಯಲ್ಲಿ ಕೋಚು, ಯಾರಿಗಾದರೂ ನೋವಿದ್ರೆ ಈಗಲೇ ಬೊಗಳಿ, ಶುಕ್ರವಾರ ಸಂಜೆ ಬಂದು ಅಳಬೇಡಿ, ಅಂದಾಗ ಕೈ ತಾನಾಗಿ ಹೋಗಿ ಜೇಬು ಸೇರಿತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುತ್ತ ನೋಡಿದೆ, ಯಾರೂ ನನ್ನನ್ನು ನೋಡುತ್ತಿರಲಿಲ್ಲ, ನನ್ನನ್ನು ಯಾರೂ ಯಾವತ್ತೂ ನೋಡುವುದಿಲ್ಲ, ಐವತ್ತಮೂರು ಜನರ ತಂಡದಲ್ಲಿ ಈ ಕೆಲಸಕ್ಕೆ ಇರುವವನು ನಾನೊಬ್ಬನೇ, ತಪ್ಪು ಮಾಡಿದ ದಿನ ಮಾತ್ರ ನನ್ನ ಹೆಸರು ಟೀವಿಯಲ್ಲಿ ಬರುವುದು, ಅದು ಬಂದಿಲ್ಲ.

ಹೇಳಬಹುದಿತ್ತು, ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿದರೆ ಮಂಗಳವಾರ ಅನ್ನುತ್ತೇನೆ. ಹೆಸರು ಶುಕ್ರವಾರ ಪಟ್ಟಿಗೆ ಬಂದರೆ ಮಂಗಳವಾರ ಬೆಳಿಗ್ಗೆ ನಾಲ್ಕು ಜನ ಕೆಲಸವಿಲ್ಲದ ಎಸೆಗಾರರು ವಿಮಾನ ಇಳಿದು ಬರುತ್ತಾರೆ, ಅವರವರ ಬೂಟು ಅವರವರೇ ತಂದಿರುತ್ತಾರೆ, ಒಬ್ಬೊಬ್ಬರೂ ಇಪ್ಪತ್ತು ಎಸೆದು ತೋರಿಸುತ್ತಾರೆ, ಮಧ್ಯಾಹ್ನದ ಊಟಕ್ಕೆ ಮೂವರು ವಾಪಸು. ಉಳಿದ ಒಬ್ಬ ನಾನಾಗಿದ್ದೆ, ಹನ್ನೊಂದು ವರ್ಷದ ಹಿಂದೆ, ಆಗ ಈ ಜಾಗದಲ್ಲಿದ್ದವನು ಗ್ಯಾರೆಟ್ ಡಂಫ್ರಿ ಎಂಬ ಮೆತ್ತಗಿನ ಮನುಷ್ಯ, ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ, ಕೈ, ಅನುಮಾನ, ಇಷ್ಟೇ ಇತ್ತು, ನಮ್ಮಮ್ಮನ ಲೆಕ್ಕದಲ್ಲಿ ಆಡಬೇಕಾದವನು, ಮಂಗಳವಾರ ಅವನು ತನ್ನ ಕಪಾಟು ಖಾಲಿ ಮಾಡುತ್ತಿದ್ದಾಗ ನಾನು ಬೂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬಾರಪ್ಪ ಬಾ, ಮೂರನೇ ಗೂಟ ಸ್ವಲ್ಪ ಸಡಿಲ, ಕೋಟು ತೂಗುಹಾಕಬೇಡ, ಬೀಳುತ್ತೆ, ಅಂದ. ಅಷ್ಟೇ ಅಂದದ್ದು. ಕೋಪವಿದ್ದಿದ್ದರೆ ವಾಸಿಯಿತ್ತು. ಆ ಗೂಟ ಈಗಲೂ ಸಡಿಲ, ನಾನೂ ರಿಪೇರಿ ಮಾಡಿಸಲಿಲ್ಲ, ಮುಂದೆ ಬರುವವನಿಗೆ ಹೇಳಲು ಒಂದು ಮಾತು ಬೇಕಲ್ಲ ಎಂದು ನಗೆಯಾಡುತ್ತಿದ್ದೆ, ಈಗ ನಗು ಬರುವುದಿಲ್ಲ, ಮಾರ್ಚಿಗೆ ನನ್ನ ಒಪ್ಪಂದ ಮುಗಿಯುತ್ತದೆ, ನಾಲ್ಕು ಪಂದ್ಯ ಉಳಿದಿವೆ, ಗಾಯಾಳುಗಳ ಮೀಸಲಿಗೆ ಹಾಕಿದರೆಂದರೆ ಕಡಿಮೆಯೆಂದರೂ ನಾಲ್ಕು ಪಂದ್ಯ ಹೊರಗೆ, ಲೆಕ್ಕ ಸರಿಹೋಯಿತು, ಮೂವತ್ತೇಳು ತುಂಬುವವನನ್ನು ಮಾರ್ಚಿನಲ್ಲಿ ಯಾರು ಕರೆಯುತ್ತಾರೆ. ಎಸೆ. ಎಸೆದೆ. ಕೊನೆಯದು. ಒದೆತದ ಸದ್ದು ಚೆನ್ನಾಗಿತ್ತು.

ಶಿಳ್ಳೆ ಊದಿದರು, ಎಲ್ಲರೂ ಬಾಗಿಲ ಕಡೆ ಓಡುತ್ತಿದ್ದಾರೆ, ಲೇನ್ ಓಡಲಿಲ್ಲ, ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತಾ ನನಗಾಗಿ ಕಾದ, ಎಂಟು ವರ್ಷದ ಜೋಡಿ ನಾವು, ಲೂಯಿಸಿಯಾನಾದ ಜವುಗಿನ ಕಡೆಯವನು, ಡಿಸೆಂಬರನ್ನು ತನಗೆ ಯಾರೋ ಮಾಡಿದ ವೈಯಕ್ತಿಕ ಅವಮಾನ ಎಂದುಕೊಂಡವನು. ಭಾನುವಾರ ಚಳಿ ಜಾಸ್ತಿ ಅಂತೆ, ಅಂದ. ಹೌದಂತೆ, ಅಂದೆ. ಗಾಳೀನೂ ಇದೆಯಂತೆ. ಇರುತ್ತೆ ಬಿಡು, ಸರೋವರ ಎಲ್ಲಿಗೆ ಹೋಗುತ್ತೆ. ಆಮೇಲೆ ಚೆಂಡಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾ, ಮೂರು ವಾರದಿಂದ ದಾರ ನಾನು ತಿರುಗಿಸ್ತಾ ಇದೀನಿ ಕಣೋ ವೇಡ್, ಅಂದ, ನನ್ನ ಕಡೆ ನೋಡದೆ. ಯಾವ ದಾರ ಅಂದೆ, ಅಂದ ಮೇಲೆ ನನಗೇ ನಾಚಿಕೆಯಾಯಿತು. ನಿನ್ನಜ್ಜಿ ಲಂಗದ ದಾರ, ಯಾವ ದಾರ ಅಂತೀಯಲ್ಲ, ಚೆಂಡು ಬಂದು ಕೈಗೆ ಬೀಳುವಾಗ ದಾರ ಕಾಲಿನ ಕಡೆ ಇರುತ್ತೆ, ಊರುವಾಗ ಬೆರಳಲ್ಲಿ ಅರ್ಧ ಸುತ್ತು ತಿರುಗಿಸ್ತೀನಿ, ಮೊದಲನೇ ವಾರ ಗಾಳಿ ಅಂದ್ಕೊಂಡೆ, ಎರಡನೇ ವಾರ ಒಳಾಂಗಣದಲ್ಲಿ ಆಡಿದ್ವಲ್ಲ, ಅಲ್ಲಿ ಯಾವ ಗಾಳಿ ಇತ್ತು ಹೇಳು, ಅಂದ. ಅರ್ಧ ಸುತ್ತು. ಮೂರು ವಾರದಿಂದ ನಾನು ಬೀಗಿದ್ದೇ ಬೀಗಿದ್ದು, ಕೈಗೆ ದಾರಿ ಗೊತ್ತಿದೆ, ಹನ್ನೊಂದು ವರ್ಷದ ಪಳಗಿದ ಕೈ ಎಂದು, ಪಳಗಿದ ಕೈ ಲೇನ್‌ದು, ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಹಿಡಿದು ತಿರುಗಿಸಿ ಊರಿ ಏನೂ ಮಾಡದವನ ಹಾಗೆ ಕೂತಿರುವವನದು. ಯಾಕೋ ಹೇಳಲಿಲ್ಲ, ಅಂದೆ. ನೀನು ಯಾಕೆ ಹೇಳಲಿಲ್ಲ, ಅಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯೋದು ಸರಿ ಮಾರಾಯ, ಬೆಕ್ಕಿನ ಪಕ್ಕ ಕೂತಿರೋನೂ ಕಣ್ಣು ಮುಚ್ಚಿಕೊಂಡಿರಬೇಕು ಅಂದ್ರೆ ಎಷ್ಟು ದಿನ ಆಗುತ್ತೆ, ಭಾನುವಾರ ಅಂಥ ಚಳೀಲಿ ನನ್ನ ಬೆರಳೂ ಮರಗಟ್ಟುತ್ತೆ, ಆಗ ತಿರುಗಿಸೋಕೆ ಆಗದೆ ಹೋದ್ರೆ ಒದೆಯೋನ ಗತಿ ಏನು, ಅವನಿಗೂ ಹೆಂಡತಿ ಮಕ್ಕಳಿದಾರೆ. ನಾನು ಯಾರಿಗೂ ಹೇಳಲ್ಲ, ಯಾರಾದ್ರೂ ಕೇಳಿದ್ರೆ ಸುಳ್ಳೂ ಹೇಳಲ್ಲ, ಅಷ್ಟೇ ನನ್ನ ಕೈಲಾಗೋದು. ಚೆಂಡನ್ನು ನನ್ನ ಎದೆಗೆ ಒತ್ತಿ ಒಳಗೆ ಹೋದ. ಕೋಪ ಬರಬೇಕಿತ್ತು, ಬರಲಿಲ್ಲ, ಯಾರೋ ನನ್ನ ಸಾಲವನ್ನು ಗುಟ್ಟಾಗಿ ತೀರಿಸುತ್ತಾ ಬಂದಿದ್ದಾರೆ ಎಂದು ಗೊತ್ತಾದವನ ಹಾಗೆ ನಿಂತೆ, ಹಗುರವೂ ಆಯಿತು, ಅವಮಾನವೂ ಆಯಿತು, ಇವನಷ್ಟು ಒಳ್ಳೆಯ ಗೆಳೆಯ ನನಗಿನ್ನು ಸಿಗುವುದಿಲ್ಲ ಎಂದೂ ಅನ್ನಿಸಿತು.

ಶುಕ್ರವಾರದ ಊಟ, ಸರೋವರದ ಪರ್ಚ್ ಮೀನು ಹುರಿದದ್ದು, ನಿಂಬೆಹೋಳು, ಎಲೆಕೋಸಿನ ಕೋಲ್‌ಸ್ಲಾ, ತಟ್ಟೆ ಎಡಗೈಯಲ್ಲಿ ಹಿಡಿಯುವುದು ಮೂರು ವಾರದಲ್ಲಿ ರೂಢಿಯಾಗಿದೆ, ಗಡಿಯಾರ ಒಂದೂವರೆ, ನಾಲ್ಕಕ್ಕೆ ಪಟ್ಟಿ, ಫೋನು ಜೇಬಿನಲ್ಲಿ ನಡುಗಿತು, ಅಮ್ಮ. ಏನು ಮಾಡ್ತಿದೀಯ ಮಗಾ, ಊಟಾನಾ, ಏನು ಹಾಕಿದಾರೆ, ಮೀನಾ, ಮುಳ್ಳು ನೋಡ್ಕೊಂಡು ತಿನ್ನು, ನಾನು ಗಸಗಸೆ ತುಂಬಿದ ಕೊಲಾಚೆ ಬನ್ನು ಮಾಡಿ ಒಲೆಗಿಟ್ಟಿದೀನಿ, ಸಂಜೆ ಚರ್ಚಿನಲ್ಲಿ ಸೂಪಿನ ಊಟ, ಬಡಿಸೋಕೆ ನನ್ನೇ ಹಾಕಿದಾರೆ, ಅದಕ್ಕೇ ಫೋನ್ ಮಾಡಿದೆ, ಈ ವಾರ ಪಟ್ಟೀಲಿ ಎಷ್ಟು ಹೆಸರು ಅಂತ ಈಗಲೇ ಹೇಳಿಬಿಡು, ಮಣಿ ಎಣಿಸಿ ಮುಗಿಸಿ ಹೋಗ್ತೀನಿ. ಹೇಳೋ ಹಾಗಿಲ್ಲಮ್ಮ, ಅಂದೆ, ನಾಲ್ಕು ಗಂಟೆಗೆ ಮುಂಚೆ ಹೊರಗೆ ಹೋಗಬಾರದು, ಬಾಜಿ ಕಟ್ಟೋರು ಕಿವಿ ಇಟ್ಟುಕೊಂಡಿರ್ತಾರೆ. ನಾನೇನು ಬಾಜಿ ಕಟ್ತೀನೇನೋ, ಪ್ರಾರ್ಥನೆ ಮಾಡ್ತೀನಿ, ದೇವರಿಗೆ ಮುಂಚೆ ಹೇಳಿದ್ರೆ ಲೀಗಿನವರಿಗೆ ಏನು ನಷ್ಟ. ನಕ್ಕೆ. ನಗುವಾಗ ಅವಳು ಕೇಳಿದಳು, ನಿನ್ನದಿಲ್ಲ ತಾನೆ, ಎಂದು, ಉಂಡೆಯಾ, ಮಲಗಿದೆಯಾ ಎಂದು ದಿನವೂ ಕೇಳುವ ಹಾಗೆಯೇ, ಉತ್ತರಕ್ಕೆ ಕಾಯುವ ಪ್ರಶ್ನೆಯೇ ಅಲ್ಲ ಅದು. ನನ್ನದು ಯಾಕಿರುತ್ತೆ ಅಮ್ಮ, ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅದೇ ಅಂದ್ಕೊಂಡೆ, ಒಲೆ ನೋಡಬೇಕು, ಇಡ್ತೀನಿ, ಅಂದಳು, ಇಟ್ಟಳು. ತಟ್ಟೆಯ ಮೀನು ತಣ್ಣಗಾಗಿತ್ತು. ಹದಿನಾರು ವರ್ಷದವನಾಗಿದ್ದಾಗ ಟ್ರಾಕ್ಟರು ಕಂದಕಕ್ಕೆ ಇಳಿಸಿ ಬಂದು ಅವಳೆದುರು ನಿಂತು ನಾನೇ ಎಂದು ಒಪ್ಪಿಕೊಂಡವನು ನಾನು, ಅವಳಿಗೆ ನಾನು ಸುಳ್ಳು ಹೇಳಿದ್ದು ಇದೇ ಮೊದಲು, ಇದು ನನಗೆ ಬೇಡವಾಗಿತ್ತು, ಬೆರಳು ಹೋಗಲಿ, ಇದು ಬೇಡವಾಗಿತ್ತು.

ಆದ್ದರಿಂದ ಹೋಗುತ್ತಿದ್ದೇನೆ, ಉದ್ದನೆಯ ಪಡಸಾಲೆ, ಹಳೆಯ ತಂಡಗಳ ಚಿತ್ರಗಳು, ಹೋಗಿ ಹೇಳುತ್ತೇನೆ, ಬೆರಳು ಎನ್ನುತ್ತೇನೆ, ಬರೀ ಬೆರಳು, ಎರಡು ದಿನದಿಂದ ಸ್ವಲ್ಪ ಜೋಮು ಎನ್ನುತ್ತೇನೆ, ಅದು ಸುಳ್ಳೇನಲ್ಲ, ಜೋಮು ಬೆರಳಿಗೇ ತಾನೆ ಇರುವುದು, ಅಭ್ಯಾಸ ಅರೆಬರೆ, ಭಾನುವಾರ ಅನುಮಾನ, ಅನುಮಾನ ಎಂದರೆ ಆಡುತ್ತಾನೆ, ಅಮ್ಮನೇ ಹೇಳಿದ ಅರ್ಥ, ಒಂದು ಮಣಿ ಸವೆಯುತ್ತದೆ, ಸವೆಯಲಿ, ಬೆರಳಿಗಾದರೆ ಒಂದು ಪಟ್ಟಿ ಸುತ್ತಿ ಕಳಿಸುತ್ತಾರೆ, ಬೆರಳಿಗೆ ಮಂಗಳವಾರ ಯಾರನ್ನೂ ಕರೆಸುವುದಿಲ್ಲ, ಡಂಫ್ರಿಗೆ ಕರೆಸಿದರು, ಅದು ಕೈ, ಇದು ಬೆರಳು, ಬೆರಳು ಕೈಗಿಂತ ಚಿಕ್ಕದು, ಲೇನ್‌ಗೂ ಹೇಳಿದ ಹಾಗಾಯಿತು, ಅಮ್ಮನಿಗೂ ಹೇಳಿದ ಹಾಗಾಯಿತು, ಇನ್ನೊಂದು ಮಾತಿದೆ, ಭುಜಕ್ಕಿಂತ ಮೇಲಿನದು, ಅದನ್ನು ಈ ಮೂರು ವಾರದಲ್ಲಿ ನಾನು ನನಗೂ ಹೇಳಿಕೊಂಡಿಲ್ಲ, ಅದನ್ನು ಹೇಳಿದರೆ ಅನುಮಾನವಿಲ್ಲ, ಬಹುಪಾಲು ಇಲ್ಲ ಎಂಬುದೂ ಇಲ್ಲ, ನೇರ ಕೊನೆಯ ಮಾತಿಗೇ ಹೋಗುತ್ತದೆ, ಬಾಗಿಲು ತೆರೆದಿದೆ, ಐಸಿನ ಯಂತ್ರ ಗುಡುಗುಡು ಎನ್ನುತ್ತಿದೆ, ಮಿಸ್ ಯೋಲಾಂಡಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎಣಿಕೆಯ ಕಾಗದ ನೋಡುತ್ತಿದ್ದಾರೆ, ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಹಿಂದೆ, ಮುನ್ನೂರು ಪೌಂಡಿನ ಗಂಡಸರು ಇಲ್ಲಿ ಮಿಸ್ ಎನ್ನದೆ ಬಾಯಿ ತೆರೆಯುವುದಿಲ್ಲ.

ಏನು ಕುಚೇರಾ, ದಾರಿ ತಪ್ಪಿ ಬಂದೆಯಾ, ನಿನ್ನ ಮುಖ ಇಲ್ಲಿ ನೋಡಿ ವರ್ಷವಾಯ್ತು, ಅಂದರು. ಬೆರಳು ಮಿಸ್ ಯೋಲಾಂಡಾ, ಸ್ವಲ್ಪ ಜೋಮು, ಅಂದೆ. ಒಂದಾ ಎರಡಾ. ಎರಡು. ಯಾವತ್ತಿಂದ. ಮೊನ್ನೆಯಿಂದ ಅಂದೆ. ಮೊನ್ನೆಯಿಂದ, ಎಂದು ಅವರೂ ಒಮ್ಮೆ ಹೇಳಿಕೊಂಡರು, ಬೈಯಲಿಲ್ಲ, ಬೈದಿದ್ದರೆ ವಾದ ಮಾಡಬಹುದಿತ್ತು, ಕುರ್ಚಿ ಎಳೆದರು, ಕೂತ್ಕೋ ಮರಿ, ಕೈ ಇಲ್ಲಿಡು, ಅಂಗೈ ಮೇಲೆ, ಈಗ ಕಣ್ಣು ಮುಚ್ಚು, ನಾನು ಮುಟ್ಟಿದಾಗ ಯಾವ ಬೆರಳು ಅಂತ ಹೇಳು, ಅಷ್ಟೇ. ಮುಚ್ಚಿದೆ. ಸುಲಭ, ಬೆರಳು ಐದೇ, ಮೂರು ಗೊತ್ತಾಗುತ್ತವೆ, ಉಳಿದೆರಡನ್ನು ಊಹಿಸಿ ಹೇಳಬಹುದು, ಸರದಿಯಲ್ಲಿ ಮುಟ್ಟುತ್ತಾರೆ, ಹೆಬ್ಬೆರಳಿನಿಂದ ಶುರು ಮಾಡುತ್ತಾರೆ, ಹಾಂ, ಹೆಬ್ಬೆರಳು ಅಂದೆ. ತೋರುಬೆರಳು ಅಂದೆ. ನಡುಬೆರಳು. ಚಳಿಯ ಹಾಗೆ ಸಣ್ಣ ಚುಚ್ಚು, ಸರಿಯಾಗಿ ಗೊತ್ತಾಯಿತು, ಇನ್ನು ಉಂಗುರದ್ದು, ಬಟ್ಟೆ ಸರಿದ ಸದ್ದು ಕೇಳಿದರೆ ಹೇಳಿಬಿಡುತ್ತೇನೆ, ಸದ್ದಿಲ್ಲ, ಐಸಿನ ಯಂತ್ರವೊಂದೇ, ಇನ್ನೂ ಮುಟ್ಟಿಲ್ಲ, ಆತುರ ಬೇಡ, ಮುಟ್ಟುವ ಮುಂಚೆಯೇ ಹೇಳಿದರೆ ಸಿಕ್ಕಿಬೀಳುತ್ತೇನೆ, ಈ ಕತ್ತಲೆ ಚೆನ್ನಾಗಿದೆ, ಮೂರು ವಾರದಲ್ಲಿ ಇಷ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿ ಕೂತಿದ್ದೇ ಇಲ್ಲ, ಮಿಸ್ ಯೋಲಾಂಡಾರ ಅಂಗೈ ನನ್ನ ಮಣಿಕಟ್ಟಿನ ಕೆಳಗೆ ಬೆಚ್ಚಗಿದೆ, ಕಿತ್ತಳೆ ಸಿಪ್ಪೆಯ ವಾಸನೆ, ಅಮ್ಮನ ಒಲೆಯಲ್ಲಿ ಈ ಹೊತ್ತಿಗೆ ಕೊಲಾಚೆ ಉಬ್ಬಿರುತ್ತದೆ, ನಡುವೆ ಗಸಗಸೆಯ ಕಪ್ಪು, ಮೊದಲ ತಟ್ಟೆಯದು ಯಾವಾಗಲೂ ಸ್ವಲ್ಪ ಸೀಯುತ್ತದೆ, ಅದನ್ನು ತಾನೇ ತಿನ್ನುತ್ತಾಳೆ, ಯಾಕೆ ಇಷ್ಟು ಹೊತ್ತು, ಕಾಗದದಲ್ಲಿ ಏನೋ ಬರೆದುಕೊಳ್ಳುತ್ತಿದ್ದಾರೇನೋ, ಯಾರಾದರೂ ಬಾಗಿಲಿಗೆ ಬಂದರೇನೋ, ಇರಲಿ, ಅವರಿಗೂ ನೂರೆಂಟು ಕೆಲಸ, ಮುಟ್ಟಿದ ತಕ್ಷಣ ಹೇಳುತ್ತೇನೆ, ತಯಾರಾಗಿ ಕೂತಿದ್ದೇನೆ, ಮುಂದಿನದು ಮುಟ್ಟಿ ಮಿಸ್ ಯೋಲಾಂಡಾ, ಅಂದೆ. ಕಣ್ಣು ಬಿಡು ಮರಿ, ಅಂದರು.

ಅವರ ಕೈಯಲ್ಲಿ ಬರೆಯುವ ಪೆನ್ನು. ಮುಟ್ಟಿದಲ್ಲೆಲ್ಲ ಅದರ ಮೊನೆ ಗುರುತು ಬಿಟ್ಟಿದೆ, ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು, ನಡುಬೆರಳಿಗೆ ಒಂದು, ಉಂಗುರದ ಬೆರಳಿಗೆ ಮೂರು, ಕಿರುಬೆರಳಿಗೆ ಐದು, ತುದಿಯಿಂದ ಅಂಗೈಯ ಅಂಚಿನವರೆಗೆ, ಐದು ನೀಲಿ ಚುಕ್ಕೆ. ಕೊನೆಯದನ್ನು ಗಟ್ಟಿಯಾಗಿ ಒತ್ತಿದ್ದಾರೆ, ಚರ್ಮ ಇನ್ನೂ ಗುಳಿಬಿದ್ದಿದೆ. ಕುತ್ತಿಗೆ ಯಾವತ್ತಿಂದ, ಎಂದು ಕೇಳಿದರು, ಬೆರಳಿನ ಮಾತೇ ಎತ್ತಲಿಲ್ಲ, ಈ ಎರಡು ಬೆರಳಿನ ನರ ಎಲ್ಲಿಂದ ಇಳಿದು ಬರುತ್ತದೆಂದು ಅವರಿಗೆ ಗೊತ್ತು, ಮೆತ್ತಗೆ ಕೇಳಿದರು. ಮೂರು ವಾರ, ಅಂದೆ, ನವೆಂಬರಿನಿಂದ, ಬಗ್ಗಿದಾಗ ಮಿಂಚು ಹೊಡೆಯುತ್ತೆ, ಅಂದೆ, ಕುತ್ತಿಗೆ, ಅಂದೆ, ಹೇಳಿದ್ದು ನನ್ನ ದನಿಯೇ, ಮೇಜಿನ ಮೇಲೆ ಇಟ್ಟ ಕೈ ಮಾತ್ರ ನನ್ನದಲ್ಲ, ಐದು ನೀಲಿ ಚುಕ್ಕೆ. ಅವರು ಫೋನು ಎತ್ತಿದ್ದಾರೆ, ವೈದ್ಯರಿಗೆ, ಇವತ್ತೇ ಸ್ಕ್ಯಾನ್ ಆಗಬೇಕು, ಇಲ್ಲ ಡಾಕ್ಟ್ರೇ, ಭಾನುವಾರದ ಪ್ರಶ್ನೆಯೇ ಇಲ್ಲ, ಎನ್ನುತ್ತಿದ್ದಾರೆ, ಇನ್ನೊಂದು ಕೈಯಿಂದ ಕಾಗದದ ತಳದಲ್ಲಿ ಹೆಸರು ಬರೆಯುತ್ತಿದ್ದಾರೆ, ತಲೆಕೆಳಗಾಗಿ ಓದಲು ನನಗೆ ಕಷ್ಟವಿಲ್ಲ, ವೇಡ್ ಕುಚೇರಾ, ಅದರ ಮುಂದೆ ಕುತ್ತಿಗೆ, ಅದರ ಮುಂದೆ ಔಟ್, ಅಮ್ಮ ಸೂಪು ಬಡಿಸಿ ಬಂದು ಓದುತ್ತಾಳೆ, ಬೇಡ, ಅವಳು ಓದುವ ಮುಂಚೆ ನಾನೇ ಫೋನ್ ಮಾಡಬೇಕು, ನನ್ನದಿದೆ ಅಮ್ಮ ಎನ್ನಬೇಕು, ಪೆಟ್ಟಿಗೆ ಕಟ್ಟಬೇಡ, ಬರಬೇಡ ಎನ್ನಬೇಕು, ಬರುತ್ತಾಳೆ, ಮಂಗಳವಾರ ಯಾರು ಬರುತ್ತಾರೋ ಅವನಿಗೆ ಲೇನ್ ಕೈ ಎಷ್ಟು ಚುರುಕು ಎಂದು ಹೇಳಬೇಕು, ಅವನನ್ನೇ ನಂಬಿ ಕೂರಬೇಡ ಎಂದೂ ಹೇಳಬೇಕು, ಐದು ಸಲ ಒತ್ತಿದ್ದಾರೆ, ನಾನು ಕಾಯುತ್ತಾ ಕೂತಿದ್ದೆ, ಫೋನ್ ಮಾಡಬೇಕು, ಎಡಗೈ ಜೇಬಿಗೆ ಹೋಗುತ್ತಿಲ್ಲ, ಕಣ್ಣು ಅಲ್ಲಿಂದ ಏಳುತ್ತಿಲ್ಲ, ಕಿರುಬೆರಳ ತುದಿಯಲ್ಲಿ ಒಂದು, ಗೆಣ್ಣಿನ ಕೆಳಗೆ ಒಂದು, ನಡುವೆ ಒಂದು, ಬುಡದಲ್ಲಿ ಒಂದು, ಅಂಗೈಯ ಅಂಚಿನಲ್ಲಿ ಗುಳಿಬಿದ್ದದ್ದು ಒಂದು, ಮುಂದಿನದು ಮುಟ್ಟಿ ಅಂದೆನಲ್ಲ, ಐದು ನೀಲಿ ಚುಕ್ಕೆ, ಐದು